‘ಸಿಗ್ನಿಫಿಕೆಂಟ್’: ಗಮನಾರ್ಹವೇ, ಸಾರ್ಥಕವೇ?

ಬಳಗದ ಎಲ್ಲರಿಗೂ ನಮಸ್ಕಾರ. ಕುಂಬಳೆಯಿಂದ ಬರೆಯುತ್ತಿದ್ದೇನೆ. ಮನಶ್ಶಾಸ್ತ್ರ ಓದುವ ಕೆಲವು ಹುಡುಗಿಯರು ಭಾನುವಾರ ನಮ್ಮಲ್ಲಿಗೆ ಬರುತ್ತಾರೆ. ಪ್ಲಸ್ ಟೂ ತನಕ ಕನ್ನಡ ಮೀಡಿಯಂ. ಈಗ ಪಾಠವೆಲ್ಲ ಇಂಗ್ಲಿಷು, ಗೆಳತಿಯರ ಜೊತೆ ಮಲಯಾಳ. ಜರ್ನಲ್ ಲೇಖನಗಳನ್ನು ಒಟ್ಟಿಗೆ ಓದಿ ಕನ್ನಡದಲ್ಲಿ ಮಾತಾಡುತ್ತೇವೆ. ಪದೇ ಪದೇ ತಡೆಯುವುದು ‘ಸಿಗ್ನಿಫಿಕೆಂಟ್’ ಎಂಬ ಪದ.

ಪತ್ರಿಕೆಗಳ ಕನ್ನಡದಲ್ಲಿ ಇದು ‘ಗಮನಾರ್ಹ’. ಗಮನಾರ್ಹ ಏರಿಕೆ ಅಂದರೆ ದೊಡ್ಡ ಏರಿಕೆ, ಅಲ್ವಾ? ಜರ್ನಲ್ ಲೇಖನದಲ್ಲಿ ಹಾಗಲ್ಲ. ಅಲ್ಲಿ ‘ಪಿ ಬೆಲೆ’ ಎಂಬ ಸಂಖ್ಯೆ (ಏನದು ಎಂದು ಮುಂದೆ ಹೇಳುತ್ತೇನೆ) 0.05ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಸಿಗ್ನಿಫಿಕೆಂಟ್ ಅನ್ನುತ್ತಾರೆ. ಎರಡು ಗುಂಪು, ತಲಾ 10,000 ಮಕ್ಕಳು, 100 ಅಂಕದ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15. ಸರಾಸರಿಯಲ್ಲಿ ಬರೀ ಅರ್ಧ ಅಂಕದ ಅಂತರವಿದ್ದರೂ ಪಿ ಬೆಲೆ ಸುಮಾರು 0.02 ಬರುತ್ತದೆ, ಅಂದರೆ ಸಿಗ್ನಿಫಿಕೆಂಟ್! ಅದೇ ತಲಾ 15 ಮಕ್ಕಳಿದ್ದು, ಅಂತರ 8 ಅಂಕವಾದರೆ ಪಿ 0.15ರ ಆಸುಪಾಸು. ಸಿಗ್ನಿಫಿಕೆಂಟ್ ಅಲ್ಲ. ಯಾವುದು ಗಮನಾರ್ಹ, ನೀವೇ ಹೇಳಿ.

‘ಸಾರ್ಥಕ ವ್ಯತ್ಯಾಸ’ ಅಂತ ಕೆಲವು ಬಿ.ಎಡ್. ನೋಟ್ಸುಗಳಲ್ಲಿ ಕಂಡಿದ್ದೇನೆ. ವ್ಯತ್ಯಾಸದ ಜನ್ಮವೇ ಸಾರ್ಥಕವಾಯಿತು ಅನ್ನುವ ಹಾಗಿದೆ. ‘ಆಕಸ್ಮಿಕವಲ್ಲದ’ ಅನ್ನೋಣ ಎಂದಳು ಒಬ್ಬಳು. ಕೇಳಲು ಚೆಂದ, ಆದರೆ ಅದೂ ತಪ್ಪು. ನಿಜಕ್ಕೂ ವ್ಯತ್ಯಾಸವೇ ಇಲ್ಲ ಅಂತಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ಸುಮ್ನೆ ಕಾಣಿಸಿಕೊಳ್ಳುವ ಸಂಭವ ಎಷ್ಟು ಅನ್ನುವುದಷ್ಟೇ ಪಿ ಬೆಲೆ. ಅಂತರ ಆಕಸ್ಮಿಕ ಅಲ್ಲ ಎಂದು ಅದು ಎಲ್ಲೂ ಹೇಳುವುದಿಲ್ಲ. 0.05ರ ಗೆರೆಯೂ ದೇವರು ಎಳೆದದ್ದಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲಕ್ಕೆಂದು ಸೂಚಿಸಿದ್ದು. ಆ ಗೆರೆಯನ್ನೇ ನೆಚ್ಚಿಕೊಳ್ಳುವ ಹಾಗೂ ಇಲ್ಲ: 100 ಮನಶ್ಶಾಸ್ತ್ರ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ಮೊದಲ ಸಲ ಶೇ. 97ರಷ್ಟು ಸಿಗ್ನಿಫಿಕೆಂಟ್ ಆಗಿದ್ದವು, ಎರಡನೇ ಸಲ ಶೇ. 36 ಮಾತ್ರ.

ಅದಕ್ಕೇ ಈಗ ಸಾರಾಂಶದಲ್ಲಿ ಈ ಪದ ಕಂಡ ಕೂಡಲೇ ನೇರ ಕೋಷ್ಟಕಕ್ಕೆ ಹೋಗುತ್ತೇವೆ. ಎಷ್ಟು ಜನ? ಅಂತರ ಎಷ್ಟು? ಪ್ರಮಾಣ ವಿಚಲನೆ ಎಷ್ಟು? ಲೇಖಕರ ಚರ್ಚೆಯ ಭಾಗ ಕೊನೆಗೆ. ಮೊದಲೇ ಅದನ್ನು ಓದಿದರೆ ಅವರ ಕಣ್ಣಲ್ಲೇ ನೋಡತೊಡಗುತ್ತೇವೆ. (‘ಮಾದರಿ’ಯದ್ದು ಇನ್ನೊಂದು ರಗಳೆ. ಸ್ಯಾಂಪಲ್ಲಿಗೂ ಅದೇ, ಮಾಡೆಲ್ಲಿಗೂ ಅದೇ. ನಾವು ಸ್ಯಾಂಪಲ್ ಅಂತಲೇ ಬಿಟ್ಟಿದ್ದೇವೆ.)

ಸದ್ಯಕ್ಕೆ ‘ಗೆರೆ ದಾಟಿದ ವ್ಯತ್ಯಾಸ’ ಎನ್ನುತ್ತಿದ್ದೇವೆ. ಅದಕ್ಕೂ ತಕರಾರು ಬಂದಿದೆ: ಪಿ ಬೆಲೆ ಗೆರೆಗಿಂತ ಕೆಳಗಿರಬೇಕಲ್ಲ, ದಾಟುವುದು ಎಲ್ಲಿಂದ? ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುವವರು ಇಲ್ಲಿದ್ದರೆ, ತರಗತಿಯಲ್ಲಿ ಬಾಯಿಗೆ ಬರುವ ಪದ ಯಾವುದು ತಿಳಿಸಿ. ಪುಸ್ತಕದ ಪದವೇ ಆಗಬೇಕೆಂದಿಲ್ಲ. ಹಾಗೆಯೇ, ಅಂತರ ಎಷ್ಟು ದೊಡ್ಡದು ಎಂದು ಅಳೆಯುವ ಎಫೆಕ್ಟ್ ಸೈಜ್‌ಗೆ ‘ಪರಿಣಾಮದ ಗಾತ್ರ’ ಅಂದರೆ ಸರಿಯೇ, ಅಥವಾ ‘ಪ್ರಮಾಣ’ ಅನ್ನಬೇಕೇ?