ಆಡಿಯೋಬುಕ್ ಟೆಸ್ಟ್ ಫೈಲ್: ದನಿ ಏರಿಸಿದರೆ ಹಿಂದಿನ ಸದ್ದೂ ಏರುತ್ತದೆ

ಪ್ರಶ್ನೆ: ಹೊಸದನಿ

ಸ್ವಯಂಸೇವಕರು ಓದಿದ ಹಳೆಯ ಪುಸ್ತಕಗಳನ್ನು ಉಚಿತವಾಗಿ ಕೇಳಿಸುವ ತಾಣ ಲಿಬ್ರಿವಾಕ್ಸ್‌ಗೆ ಒಂದು ಹಳೆಯ ಕಾದಂಬರಿಯ ಅಧ್ಯಾಯಗಳನ್ನು ಓದಿಕೊಡಬೇಕೆಂದಿದ್ದೇನೆ. ಮೊದಲು ಕಳಿಸಬೇಕಾದ ಒಂದು ನಿಮಿಷದ ಟೆಸ್ಟ್ ರೆಕಾರ್ಡಿಂಗ್‌ನಲ್ಲೇ ಸಿಕ್ಕಿಕೊಂಡಿದ್ದೇನೆ. ಫೈಲಿನ ದನಿಮಟ್ಟ ಅಳೆಯುವ ಚೆಕರ್ ತಂತ್ರಾಂಶಕ್ಕೆ ಹಾಕಿದರೆ 81 ಡೆಸಿಬೆಲ್ ತೋರಿಸುತ್ತದೆ, ಬೇಕಿರುವುದು 89. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಆಂಪ್ಲಿಫೈ (ದನಿ ಏರಿಸುವ ಆಯ್ಕೆ) ಕೊಟ್ಟು 8 ಏರಿಸಿದರೆ ಮಾತಿನ ಹಿಂದೆ ‘ಸ್ಸ್’ ಅನ್ನುವ ಸದ್ದು ಎದ್ದು ಕೇಳುತ್ತದೆ. ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸುವ ಆಯ್ಕೆ) 24ಕ್ಕೆ ಇಟ್ಟರೆ ಆ ಸದ್ದು ಹೋಗುತ್ತದೆ, ಆದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಇರುವುದು ಯುಎಸ್‌ಬಿ ಮೈಕ್, ಬಾಯಿಯಿಂದ ಸುಮಾರು 40 ಸೆಂ.ಮೀ. ದೂರ. ಲ್ಯಾಪ್‌ಟಾಪ್ ಅದೇ ಮೇಜಿನ ಮೇಲಿದೆ. ಬೇರೆ ಮೈಕ್ ಕೊಳ್ಳಬೇಕೇ?

ಉತ್ತರ: ಮೈಕ್‌ಮುಂದೆ

ಬೇಡ, ಮೈಕ್ ಹತ್ತಿರ ತನ್ನಿ. ದೂರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. 40 ಸೆಂ.ಮೀ.ನಿಂದ 15ಕ್ಕೆ ಬಂದರೆ ಎಂಟೂವರೆಯಷ್ಟು ಸಿಗುತ್ತದೆ, ನಿಮಗೆ ಕಡಿಮೆ ಬಿದ್ದಿರುವುದೂ ಅಷ್ಟೇ. ಕೋಣೆಯ ಸದ್ದು, ಮೈಕ್‌ನ ಒಳಸದ್ದು ಮಾತ್ರ ಇದ್ದಷ್ಟೇ ಇರುತ್ತವೆ. ಆಂಪ್ಲಿಫೈ ಮಾಡಿದಾಗ ದನಿ, ಸದ್ದು ಎರಡೂ ಒಟ್ಟಿಗೆ ಏರುತ್ತವೆ, ಅದಕ್ಕೇ ನಿಮಗೆ ಹಾಗೆ ಕೇಳಿಸಿದ್ದು.

ಹತ್ತಿರ ತಂದ ಮೇಲೆ ಬರುವ ತೊಂದರೆ ಪ, ಫ, ಭ ಅಕ್ಷರಗಳದ್ದು. ‘ಭಯ’, ‘ಫಲ’ ಅಂದಾಗ ಗಾಳಿ ನೇರ ಮೈಕ್‌ಗೆ ಬಡಿದು ‘ಧಪ್’ ಅನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ತುಟಿಯ ಅಂಚಿನ ಪಕ್ಕಕ್ಕೆ, ಸ್ವಲ್ಪ ಓರೆಯಾಗಿಟ್ಟು ಬಾಯಿಯ ಕಡೆ ತಿರುಗಿಸಿ. ಪಾಪ್ ಫಿಲ್ಟರ್ (ಮೈಕ್ ಮುಂದೆ ಗಾಳಿ ತಡೆಯುವ ಜಾಲರಿ) ಇದ್ದರೆ ಇನ್ನೂ ಒಳ್ಳೆಯದು. ಲ್ಯಾಪ್‌ಟಾಪನ್ನು ಆ ಮೇಜಿನಿಂದ ಇಳಿಸಿ. ಅದರ ಫ್ಯಾನಿನ ನಡುಕ ಮೇಜಿನಿಂದ ಸ್ಟ್ಯಾಂಡಿಗೆ, ಅಲ್ಲಿಂದ ಮೈಕ್‌ಗೆ ಏರುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ಬಟ್ಟೆ ಮಡಚಿಡಿ.

ಓದುವಾಗ ಆಡಾಸಿಟಿಯ ಮೀಟರ್‌ನ ಶಿಖರಗಳು –12ರಿಂದ –6 ಡೆಸಿಬೆಲ್ ನಡುವೆ ಇರುವಂತೆ ಗೇನ್ (ಮೈಕ್ ದನಿ ಹಿಡಿಯುವ ಮಟ್ಟ) ಇಡಿ. ಇದರ ಲೆಕ್ಕ ಚೆಕರ್‌ನ 89ರದ್ದಲ್ಲ, ಇಲ್ಲಿ 0 ಅಂದರೆ ಗರಿಷ್ಠ. 0 ಮುಟ್ಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ, ಮತ್ತೆ ಓದುವುದೇ ವಾಸಿ. ಸಿಟ್ಟಿನ ಸಂಭಾಷಣೆ ಇರುವ ಪುಟವನ್ನೇ ಓದಿ ಪರೀಕ್ಷಿಸಿ, ನಿರೂಪಣೆಯ ಪುಟವನ್ನಲ್ಲ.

ನಾಯ್ಸ್ ರಿಡಕ್ಷನ್ 6ರಿಂದ 9 ಸಾಕು. ಅದೇ ಸಲದ ರೆಕಾರ್ಡಿಂಗ್‌ನಲ್ಲಿ ಸುಮ್ಮನಿದ್ದು ಹಿಡಿದ ಮೂರ್ನಾಲ್ಕು ಸೆಕೆಂಡಿನ ಸದ್ದನ್ನೇ ಮಾದರಿಯಾಗಿ ಕೊಡಿ. ನಿನ್ನೆಯ ಮಾದರಿ ಇಂದಿನ ಕೋಣೆಗೆ ಹೊಂದುವುದಿಲ್ಲ. ಮೊದಲು ನಾಯ್ಸ್ ರಿಡಕ್ಷನ್, ಆಮೇಲೆ ಆಂಪ್ಲಿಫೈ. ಗೋಡೆಗೆ ಬಡಿದು ಬರುವ ಪ್ರತಿಧ್ವನಿಯನ್ನು ನಾಯ್ಸ್ ರಿಡಕ್ಷನ್ ತೆಗೆಯುವುದಿಲ್ಲ, ಅದಕ್ಕೆ ಎದುರು ಗೋಡೆಗೆ ಕಂಬಳಿಯೋ ಬಟ್ಟೆ ತುಂಬಿದ ಕಪಾಟೋ ಬೇಕು.

ಉತ್ತರ: ಕಿವಿಗೊಟ್ಟು

ಮೇಲಿನದೆಲ್ಲ ಸರಿ. ನಾನು ಪ್ರೂಫ್ ಕೇಳುವವರ, ಅಂದರೆ ಬಂದ ಫೈಲು ಕೇಳಿ ತಪ್ಪು ಗುರುತಿಸುವವರ, ಕಡೆಯಿಂದ ಹೇಳುತ್ತೇನೆ.

ಫೈಲ್ ಎಂಪಿ3, 128 ಕೆಬಿಪಿಎಸ್ ಕಾನ್‌ಸ್ಟಂಟ್ (ಬಿಟ್‌ರೇಟ್ ಉದ್ದಕ್ಕೂ ಒಂದೇ), 44.1 ಕಿಲೋಹರ್ಟ್ಸ್, ಮೋನೋ (ಒಂದೇ ಚಾನೆಲ್) ಇರಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಸ್ಟೀರಿಯೋ ಉಳಿದುಬಿಡುತ್ತದೆ, ನೋಡಿಕೊಳ್ಳಿ. ಶುರುವಿನಲ್ಲಿ ಅರ್ಧದಿಂದ ಒಂದು ಸೆಕೆಂಡ್ ಮೌನ, ಕೊನೆಗೆ 5 ಸೆಕೆಂಡ್. ಅರ್ಧ ಗಂಟೆ ದಾಟಿದ ಫೈಲಾದರೆ ಕೊನೆಗೆ 10. ಈ ಮೌನ ನಿಮ್ಮ ಕೋಣೆಯದ್ದೇ ಆಗಿರಲಿ. ಸಾಫ್ಟ್‌ವೇರ್ ಹುಟ್ಟಿಸುವ ಪೂರ್ತಿ ಶೂನ್ಯ ಬಂದಾಗ ಹೆಡ್‌ಫೋನ್ ಹಾಕಿಕೊಂಡವರಿಗೆ ಫೈಲ್ ಕಡಿದುಹೋದಂತೆ ಅನಿಸುತ್ತದೆ. ಅಧ್ಯಾಯದ ಮೊದಲಿಗೆ ಹೇಳಬೇಕಾದ ಪ್ರಕಟಣೆಯ ಮಾತುಗಳು ಆಯಾ ಪುಸ್ತಕದ ಪ್ರಾಜೆಕ್ಟ್ ಪುಟದಲ್ಲೇ ಇರುತ್ತವೆ, ಹಾಗೆಯೇ ಓದಿ. ‘ಅಧ್ಯಾಯ ಮುಗಿಯಿತು’ ಅನ್ನುವ ಕೊನೆಯ ಸಾಲನ್ನು ಮರೆಯುವವರೇ ಹೆಚ್ಚು.

ತಿದ್ದುಪಡಿಗೆ ವಾಪಸ್ ಬರುವ ಫೈಲುಗಳಲ್ಲಿ ಪದೇ ಪದೇ ಸಿಗುವುದು ಎರಡು ಸಲ ಓದಿದ ವಾಕ್ಯ, ಮೊದಲ ಸಲದ್ದನ್ನು ಅಳಿಸಿರುವುದಿಲ್ಲ. ತಪ್ಪಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸದೆ ಒಂದು ಚಪ್ಪಾಳೆ ತಟ್ಟಿ, ಎರಡು ಸೆಕೆಂಡ್ ಬಿಟ್ಟು, ಇಡೀ ವಾಕ್ಯವನ್ನು ಮೊದಲಿನಿಂದ ಓದಿ. ತೆರೆಯ ಮೇಲಿನ ತರಂಗದ ಚಿತ್ರದಲ್ಲಿ ಆ ಚಪ್ಪಾಳೆ ಸೂಜಿಯ ಹಾಗೆ ನಿಂತಿರುತ್ತದೆ, ಎಡಿಟ್ ಮಾಡುವಾಗ ಹುಡುಕಬೇಕಾಗಿಲ್ಲ.

ಇನ್ನು ಕೃತಿಸ್ವಾಮ್ಯ. ಪುಸ್ತಕ ಅಮೆರಿಕದಲ್ಲಿ ಮುಕ್ತವಾಗಿರಬೇಕು. ಸಾಮಾನ್ಯವಾಗಿ ಪ್ರಕಟಣೆಯ 95ನೇ ವರ್ಷ ಮುಗಿದ ಮೇಲಿನ ಜನವರಿ 1ಕ್ಕೆ ಅದು ಮುಕ್ತ. ನೀವಿರುವ ದೇಶದ ಕಾನೂನನ್ನೂ ನೋಡಿಕೊಳ್ಳಬೇಕು. ಅನುವಾದವಾದರೆ ಮೂಲದ ವರ್ಷ ಸಾಲದು, ಅನುವಾದದ ವರ್ಷ ಲೆಕ್ಕಕ್ಕೆ ಬರುತ್ತದೆ. ಹಳೆಯ ಕೃತಿಯ ಹೊಸ ಮುದ್ರಣದಲ್ಲಿ ಸೇರಿಸಿದ ಮುನ್ನುಡಿ, ಅಡಿಟಿಪ್ಪಣಿ ಓದುವಂತಿಲ್ಲ. ಇನ್ನೊಂದು ವಿಷಯ ತಿಳಿದೇ ಕೈಹಾಕಿ: ನಿಮ್ಮ ಓದೂ ಸಾರ್ವಜನಿಕ ಸ್ವತ್ತಾಗುತ್ತದೆ. ಯಾರಾದರೂ ಅದನ್ನು ಮಾರಿದರೂ ತಡೆಯಲಾಗದು. ಎಲ್ಲರಿಗೂ ಸಿಗಲಿ ಎಂದೇ ಈ ಕೆಲಸ, ಆದರೂ ಒಪ್ಪಿಗೆಯಿಲ್ಲದ ಮನಸ್ಸಿನಿಂದ ಓದಬೇಡಿ.

ಹೊಸದನಿ

ಮೈಕ್ 15 ಸೆಂ.ಮೀ.ಗೆ ತಂದೆ, ಆಂಪ್ಲಿಫೈ ಇಲ್ಲದೆಯೇ ಚೆಕರ್ 88.7 ತೋರಿಸಿತು. ತುಂಬಾ ಉಪಕಾರವಾಯಿತು ಇಬ್ಬರಿಂದಲೂ. ಬಿಟ್ಟುಹೋದ ಒಂದು ಸಾಲನ್ನು ಮರುದಿನ ಓದಿ ಸೇರಿಸಿದರೆ ಬೇರೆ ಯಾರೋ ಓದಿದ ಹಾಗಿದೆ. ಇದಕ್ಕೇನು ಮಾಡುವುದು?

ಉತ್ತರ: ಮೈಕ್‌ಮುಂದೆ

ಆ ಒಂದು ಸಾಲನ್ನಷ್ಟೇ ಓದಬೇಡಿ. ಅದರ ಹಿಂದಿನ ಪ್ಯಾರಾವನ್ನು ಹೆಡ್‌ಫೋನಿನಲ್ಲಿ ಕೇಳಿ, ಅದೇ ಪ್ಯಾರಾದಿಂದ ಗಟ್ಟಿಯಾಗಿ ಓದುತ್ತ ಬಂದರೆ ಆ ಸಾಲು ತಲುಪುವ ಹೊತ್ತಿಗೆ ವೇಗ, ಸ್ಥಾಯಿ ಎರಡೂ ಕೂಡಿಕೊಳ್ಳುತ್ತವೆ. ಮೈಕ್ ದೂರ ಮೊದಲಿನಷ್ಟೇ ಇರಲಿ, ಅಳೆದೇ ಇಡಿ. ಕತ್ತರಿಸುವುದು ವಾಕ್ಯಗಳ ನಡುವಿನ ಮೌನದಲ್ಲಿ, ಉಸಿರು ಎಳೆಯುವುದಕ್ಕೆ ಮುಂಚೆ. ಉಸಿರಿನ ಮಧ್ಯೆ ಕತ್ತರಿಸಿದರೆ ಬೆಸುಗೆ ಕೇಳಿಬಿಡುತ್ತದೆ. ಇದನ್ನೆಲ್ಲ ಎಂಪಿ3 ಮೇಲೆ ಮಾಡದೆ ಆಡಾಸಿಟಿಯ ಪ್ರಾಜೆಕ್ಟ್ ಫೈಲಿನಲ್ಲೇ ಮಾಡಿ. ಎಂಪಿ3 ತೆರೆದು ಮತ್ತೆ ಎಕ್ಸ್‌ಪೋರ್ಟ್ ಮಾಡಿದಾಗಲೆಲ್ಲ ಗುಣಮಟ್ಟ ಇಳಿಯುತ್ತದೆ. ಆದ್ದರಿಂದ ಪ್ರೂಫ್ ಕೇಳುವವರು ಒಪ್ಪುವವರೆಗೆ ಪ್ರಾಜೆಕ್ಟ್ ಫೈಲ್ ಅಳಿಸಬೇಡಿ.