ಮ್ಯಾಟಿ ಬಟ್ಟೆ ಮೇಲೆ ತೇರಿನ ಗಾಲಿ ಉದ್ದುದ್ದ ಬರ್ತಿದೆ, ಬಿಚ್ಚಲೇಬೇಕಾ?

ಸೂಜಿಮೊನೆ (ಮೈಸೂರು):
ಎಲ್ರಿಗೂ ನಮಸ್ಕಾರ. ಅಕ್ಕನ ಗೃಹಪ್ರವೇಶಕ್ಕೆ ಕೊಡೋಣ ಅಂತ ಕಸೂತಿ ತೇರಿನ ಡಿಸೈನ್ ತಗೊಂಡು ಪೂರ್ತಿ ಕ್ರಾಸ್ ಸ್ಟಿಚ್ಚಲ್ಲಿ, ಅಂದ್ರೆ ಮೆಂತಿಯಲ್ಲೇ ಹಾಕ್ತಿದೀನಿ. ಬಿಳಿ ಮ್ಯಾಟಿ ಬಟ್ಟೆ (ಮನೆ ಎಣಿಸ್ಕೊಂಡು ಹೊಲಿಯೋಕೆ ಬರೋ ಹತ್ತಿ ಬಟ್ಟೆ), ಆಂಕರ್ ಕಂಪನಿ ದಾರ, ಆರು ಎಳೇಲಿ ಮೂರು ಎಳೆ ಬಿಡಿಸ್ಕೊಂಡು ಹಾಕ್ತೀನಿ. ಚಾರ್ಟಲ್ಲಿ ಗಾಲಿ 30 ಮನೆ ಅಡ್ಡ 30 ಮನೆ ಉದ್ದ (ಮನೆ ಅಂದ್ರೆ ಒಂದು ಹೊಲಿಗೆ ಕೂರೋ ಜಾಗ), ಸರಿಯಾಗಿ ದುಂಡಗಿದೆ. ಬಟ್ಟೆ ಮೇಲೆ ಎರಡು ಸಲ ಎಣಿಸಿದೆ, ಅಲ್ಲೂ 30ಕ್ಕೆ 30 ಇದೆ, ಒಂದು ಮನೆನೂ ತಪ್ಪಿಲ್ಲ, ಆದ್ರೆ ಗೋಡೆಗೆ ಒರಗಿಸಿ ದೂರ ನಿಂತು ನೋಡಿದ್ರೆ ಮೊಟ್ಟೆ ನೆಟ್ಟಗೆ ನಿಲ್ಲಿಸಿದಂಗೆ ಕಾಣ್ತಿದೆ. ಮೇಲಿನ ಗೋಪುರ ಮುಗಿದಿದೆ, ಒಂದು ಗಾಲಿ ಮುಗಿದಿದೆ, ಇನ್ನೊಂದು ಶುರು ಮಾಡೋಕೆ ಕೈ ಬರ್ತಿಲ್ಲ. ಎರಡು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ಕೂತು ಹಾಕಿದ್ದು, ತಪ್ಪು ಎಲ್ಲಿದೆ ಅಂತನೇ ಗೊತ್ತಾಗ್ತಿಲ್ಲ. ಇನ್ನು ಐದು ವಾರ ಟೈಮಿದೆ.

ಬಿಡುವಿನದಾರ:
ಬಟ್ಟೆ ಬಿಗಿಯೋ ರಿಂಗ್ ಅಷ್ಟು ದಿನ ಬಿಗಿಯಾಗೇ ಬಿಟ್ಟಿದ್ರಾ? ನಂದೂ ಒಂದ್ಸಲ ಹೀಗಾಗಿತ್ತು, ಬಟ್ಟೆನ ಒಂದೇ ಕಡೆಗೆ ಎಳೆದು ಎಳೆದು ಸ್ಕ್ರೂ ಟೈಟ್ ಮಾಡ್ತಿದ್ದೆ, ಅದು ಹಾಗೇ ಹಿಗ್ಗಿ ಕೂತಿತ್ತು. ರಿಂಗಿಂದ ತೆಗೆದು ಸ್ವಲ್ಪ ನೀರು ಚಿಮುಕಿಸಿ ಟವೆಲ್ ಮೇಲೆ ರಾತ್ರಿ ಪೂರ್ತಿ ಚಪ್ಪಟೆಯಾಗಿ ಹಾಸಿಡಿ. ಹಿಗ್ಗಿದ್ದಾದ್ರೆ ಬೆಳಗ್ಗೆ ಒಳಗೆ ಬಂದಿರುತ್ತೆ.

ಸೂಜಿಮೊನೆ:
ಮಾಡಿ ನೋಡಿದೆ. ರಿಂಗಿನ ಗುರುತು ಹೋಯ್ತು, ಗಾಲಿ ಹಾಗೇ ಇದೆ. ಸ್ಕೇಲಿಟ್ಟು ಅಳೆದ್ರೆ ಅಗಲ 6.8 ಸೆಂಮೀ, ಎತ್ತರ 7.7 ಸೆಂಮೀ.

ಗವಂತಿ_ಧಾರವಾಡ:
ತಂಗಿ, ನಿಮ್ಮ ಕೈಯಾಗ ತಪ್ಪಿಲ್ಲ, ಬಟ್ಟ್ಯಾಗ ಐತಿ. ಒಂದು ಕೆಲಸ ಮಾಡ್ರಿ, ಹೊಲಿಗಿ ಇಲ್ಲದ ಖಾಲಿ ಜಾಗದಾಗ ಸ್ಕೇಲ್ ಇಟ್ಟು 10 ಸೆಂಮೀ ಒಳಗ ಎಷ್ಟು ಮನಿ ಬರ್ತಾವ ಅಂತ ಎಣಿಸ್ರಿ, ಮೊದಲ ಅಡ್ಡ, ಆಮ್ಯಾಲ ಉದ್ದ. ಒಂದಿಂಚಿನಾಗ ಎಣಿಸಬ್ಯಾಡ್ರಿ, ಅಷ್ಟರಾಗ ವ್ಯತ್ಯಾಸ ಗೊತ್ತಾಗಂಗಿಲ್ಲ. ಸೂಜಿ ತುದಿ ಇಟ್ಟು ಹತ್ತತ್ತು ಮನಿಗೆ ಒಂದೊಂದು ಗುಂಡುಪಿನ್ ಚುಚ್ಚಿಕೋತ ಹೋಗ್ರಿ. ಬಟ್ಟಿ ಅಂಚು, ಅಂದ್ರ ಕತ್ತರಿಸಿದ್ದಲ್ಲ, ಮಗ್ಗದಾಗ ನೇಯ್ದು ಬಂದ ಅಂಚು, ಯಾವ ಕಡೆ ಬಂದದ ಅನ್ನೂದನ್ನೂ ಹೇಳ್ರಿ.

ಸೂಜಿಮೊನೆ:
ಅಡ್ಡಕ್ಕೆ 44, ಉದ್ದಕ್ಕೆ 39! ಮೂರು ಕಡೆ ಎಣಿಸಿದೆ, ಅಷ್ಟೇ ಬರ್ತಿದೆ. ಅಂಚು ಎಡಗಡೆ ಮೇಲಿಂದ ಕೆಳಗೆ ಇದೆ.

ಗವಂತಿ_ಧಾರವಾಡ:
ಅದ ನೋಡ್ರಿ. ಅಂಚಿನ ಗುಂಟ ಹೋಗೂದು ಹಾಸು, ಅದಕ್ಕ ಅಡ್ಡ ಬರೂದು ಹೊಕ್ಕು. ನಿಮ್ಮ ಬಟ್ಟ್ಯಾಗ ಹಾಸಿನ ಎಳಿ ಒತ್ತಾಗಿ ಕುಂತಾವ, ಹೊಕ್ಕಿನ ಎಳಿ ಬಿಡಿ ಬಿಡಿ ಅದಾವ, ಹಂಗಾಗಿ ಒಂದೊಂದು ಮನಿ ಚೌಕ ಇಲ್ಲ, ನಿಂತ ಇಟ್ಟಂಗಿ ಹಂಗ ಐತಿ. 30 ಭಾಗಿಸು 4.4 ಅಂದ್ರ 6.8, 30 ಭಾಗಿಸು 3.9 ಅಂದ್ರ 7.7, ನೀವು ಅಳದಿದ್ದ ಲೆಕ್ಕನ ಬಂತು. ಅಂಗಡ್ಯಾಗ ಮೀಟರ್ ಲೆಕ್ಕದಾಗ ಕೊಡೂ ಸಾದಾ ಮ್ಯಾಟಿ ಒಳಗ ಇದು ಭಾಳ ಇರ್ತದ. ಐಡಾ ಬಟ್ಟಿ ಕ್ರಾಸ್ ಸ್ಟಿಚ್ಚಿಗಂತನ ನೇಯ್ದದ್ದು, 14 ಕೌಂಟ್ ಅಂದ್ರ ಇಂಚಿಗೆ ಎರಡೂ ಕಡೆ 14 ಮನಿ ಬರಬೇಕು ಅಂತ. ಅದನ್ನೂ ನಾ ಅಳದ ತಗೋತೀನಿ.

ಗೋಪುರ ಬಿಚ್ಚಬ್ಯಾಡ್ರಿ. ಗೋಪುರ ಸ್ವಲ್ಪ ಎತ್ತರ ಆದ್ರ ಏನೂ ಕೆಡಂಗಿಲ್ಲ, ಛಂದನ ಕಾಣತದ. ಗಾಲಿ, ಎಂಟು ಮೂಲಿ ಚುಕ್ಕಿ, ಕಮಲ, ಇಂಥಾದ್ರಾಗ ಕಣ್ಣು ತಕ್ಷಣ ಹಿಡಿತದ.

ಇನ್ನ ಗಾಲಿಗೆ ಕತ್ತರಿ ಹಾಕೂಕಿಂತ ಮೊದಲ ಒಂದು ಪರೀಕ್ಷಾ ಮಾಡ್ರಿ. ಬಟ್ಟಿ ತೊಳದು ಶುರು ಮಾಡಿದ್ರೇನು? ಇಲ್ಲ ಅಂತ ನನಗ ಅನಸ್ತದ. ಹೊಸಾ ಹತ್ತಿ ಬಟ್ಟಿ ತೊಳದ್ರ ಕುಗ್ಗತದ, ಅದರಾಗೂ ಹಾಸಿನ ಕಡೆ ಹೆಚ್ಚು, ಯಾಕಂದ್ರ ಮಗ್ಗದಾಗ ಹಾಸನ್ನ ಜಗ್ಗಿ ಬಿಗದಿರ್ತಾರ, ನೀರು ಬಿದ್ದ ಕೂಡ್ಲೆ ಅದು ತನ್ನ ಜಾಗಕ್ಕ ವಾಪಸ್ ಬರ್ತದ. ನಿಮಗ ಉದ್ದ ಆಗಿರೂದು ಹಾಸಿನ ಕಡೇನ. ಅಂದ್ರ ತೊಳದ ಮ್ಯಾಲ ಗಾಲಿ ತಾನ ಸ್ವಲ್ಪ ದುಂಡಗ ಆಗಬಹುದು. ಉಳದ ಬಟ್ಟ್ಯಾಗ ಒಂದು ಗೇಣಿನಷ್ಟು ತುಂಡು ಕತ್ತರಿಸಿ, ನಾಕೂ ಕಡೆ ಎಳಿ ಬಿಡದಂಗ ಹೊಲದು, ಉಗುರುಬೆಚ್ಚಗಿನ ನೀರಾಗ ತೊಳದು, ನೆರಳಾಗ ಒಣಗಿಸಿ, ಮತ್ತ ಎಣಿಸ್ರಿ.

ಬಿಡುವಿನದಾರ:
ಓ, ಇದು ನಂಗೆ ಗೊತ್ತೇ ಇರ್ಲಿಲ್ಲ. ಕೆಂಪು ದಾರ ಇದ್ರೆ ತೊಳೆಯೋವಾಗ ಹುಷಾರು, ಬಣ್ಣ ಬಿಟ್ರೆ ಒಣಗೋಕೆ ಬಿಡ್ಬೇಡಿ, ನೀರು ತಿಳಿಯಾಗೋ ತನಕ ತಣ್ಣೀರಲ್ಲಿ ಜಾಲಿಸ್ತಾನೇ ಇರಿ, ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿ ಮುಟ್ಟಿಸಬೇಡಿ.

ಸೂಜಿಮೊನೆ:
ಅಕ್ಕಾ, ತೊಳೆದ ತುಂಡಲ್ಲಿ ಉದ್ದಕ್ಕೆ 41 ಬಂತು, ಅಡ್ಡಕ್ಕೆ 44 ದಾಟಿ ಇನ್ನರ್ಧ ಮನೆ. ಕಮ್ಮಿ ಆಗಿದೆ ಆದ್ರೆ ಪೂರ್ತಿ ಹೋಗಿಲ್ಲ. ಈಗ ಏನ್ ಮಾಡ್ಲಿ? ಚಾರ್ಟ್ ಹೇಗೆ ಬದಲಾಯಿಸೋದು, ನಾನು ಇದುವರೆಗೂ ಚಾರ್ಟಲ್ಲಿ ಇದ್ದಿದ್ದನ್ನ ಹಾಗೇ ಹಾಕಿದವಳು. ಇನ್ನೊಂದು, ಹಿಂದುಗಡೆ ನೀಟಾಗಿಲ್ಲ, ಕಸೂತಿ ಅಂದ್ರೆ ಎರಡೂ ಕಡೆ ಒಂದೇ ಥರ ಇರ್ಬೇಕು ಅಂತಾರಲ್ಲ, ಅದೂ ಮನಸ್ಸಿಗೆ ಚುಚ್ತಿದೆ.

ಗವಂತಿ_ಧಾರವಾಡ:
ಹಿಂದಿನ ಚಿಂತಿ ಬಿಡ್ರಿ. ಕಸೂತಿಯೊಳಗ ಗೆರಿ ಹೊಲಿಗಿ ಗವಂತಿ, ಮೆಟ್ಟಲದಂಥ ಹೊಲಿಗಿ ಮುರ್ಗಿ ಹಾಕಿದ್ರ ಹಿಂದ ಮುಂದ ಒಂದ ಥರ ಬರಬೇಕು, ಹೋಗೂವಾಗ ಒಂದು ಬಿಟ್ಟು ಒಂದು ಹಾಕಿ ಬರೂವಾಗ ಬಿಟ್ಟಿದ್ದನ್ನ ತುಂಬಕೋತ ಬರ್ತೀವಲ್ಲ, ಅದಕ್ಕ. ನೇಯ್ದಂಗ ಕಾಣೂ ನೇಗಿ ಹೊಲಿಗಿಗೂ ಮೆಂತಿಗೂ ಆ ಕಟ್ಟಿಲ್ಲ. ಗಂಟು ಹಾಕಬ್ಯಾಡ್ರಿ ಅಷ್ಟ, ದಾರದ ತುದೀನ ಹಿಂದಿನ ಹೊಲಿಗ್ಯಾಗ ತೂರಿಸಿ ಮುಗಸ್ರಿ, ಫ್ರೇಮ್ ಹಾಕಿದಾಗ ಉಬ್ಬಂಗಿಲ್ಲ.

ಈಗ ಗಾಲಿ. ತೊಳದ ಲೆಕ್ಕಾನ ಹಿಡೀರಿ. 30ನ್ನ 41ರಿಂದ ಗುಣಿಸಿ 44.5ರಿಂದ ಭಾಗಿಸಿದ್ರ ಹತ್ತಿರ ಹತ್ತಿರ 28. ಅಂದ್ರ ಗಾಲಿ 30 ಅಡ್ಡ, 28 ಉದ್ದ ಇದ್ರ ತೊಳದ ಮ್ಯಾಲ ದುಂಡಗ ಬರ್ತದ. ಎರಡು ಸಾಲು ಕಮ್ಮಿ ಮಾಡಬೇಕು, ಆದ್ರ ಎಲ್ಲಿಂದ ಅನ್ನೂದ ಮುಖ್ಯ. ಮ್ಯಾಲಿಂದ ಕೆಳಗಿಂದ ತಗದ್ರ ಬಳುಕು ಹೋಗಿ ಗಾಲಿ ಚಪ್ಪಟಿ ಆಗತದ. ಗಾಲಿ ಎಡಕ್ಕ ಬಲಕ್ಕ ಅಂಚಿನ್ಯಾಗ ಒಂದಿಷ್ಟು ಸಾಲು ನೆಟ್ಟಗ ಒಂದರ ಮ್ಯಾಲ ಒಂದು ನಿಂತಿರ್ತಾವಲ್ಲ, ಅದರಾಗ ನಡುವಿನ ಗುಂಬಕ್ಕಿಂತ ಮ್ಯಾಲ ಒಂದು ಸಾಲು, ಕೆಳಗ ಒಂದು ಸಾಲು ತಗೀರಿ. ಅಡ್ಡ ಸಾಲ ಪೂರ್ತಿ ತಗೀಬೇಕು, ಅರೆಕಾಲಿನ, ಅಂದ್ರ ಗಾಲಿಯೊಳಗಿನ ಕಡ್ಡಿಯ, ಓರೆ ಗೆರಿ ಅಲ್ಲಿ ಒಂದು ಮನಿ ಜಿಗದಂಗ ಆಗತದ, ಅದನ್ನ ಗ್ರಾಫ್ ಹಾಳ್ಯಾಗ ಪೆನ್ಸಿಲ್ಲಿಂದ ಸರಿಪಡಿಸಿ ಆಮ್ಯಾಲ ಸೂಜಿ ಹಿಡೀರಿ. ಹಾಳಿ ಮ್ಯಾಲ ಗಾಲಿ ಕುಳ್ಳಗ ಕಾಣತದ, ಹೆದರಬ್ಯಾಡ್ರಿ.

ಬಿಚ್ಚೂವಾಗ ಹಿಂದಿನಿಂದ ಎರಡು ಮೂರು ಹೊಲಿಗಿಗೊಮ್ಮೆ ಸಣ್ಣ ಕತ್ತರಿಯಿಂದ ಕತ್ತರಿಸಿ ಎಳಿ ಎಳಿ ಬಿಡಸ್ರಿ, ಉದ್ದ ದಾರ ಜಗ್ಗಬ್ಯಾಡ್ರಿ, ಮನಿ ಅಗಲ ಆಗತಾವ. ಉಳದ ನೂಲಿನ ಜುಂಗು ಸೆಲ್ಲೋಟೇಪ್ ಒತ್ತಿ ತಗದ್ರ ಬರ್ತದ. ಬಿಚ್ಚಿದ ದಾರ ಮತ್ತ ಬಳಸಬ್ಯಾಡ್ರಿ.

ಸೂಜಿಮೊನೆ:
ಹದಿನೆಂಟು ದಿನ ಆದ್ಮೇಲೆ ಬರೀತಿದೀನಿ. ಒಂದು ಗಾಲಿ ಬಿಚ್ಚಿದೆ, ಮೂರು ಸಂಜೆ ಹಿಡೀತು. ಹಾಳೆ ಮೇಲೆ ಅರೆಕಾಲು ಸರಿ ಮಾಡೋಕೇ ಇನ್ನೆರಡು ಸಂಜೆ, ನೀವು ಹೇಳಿದ ಹಾಗೆ ಓರೆ ಗೆರೆ ಜಿಗಿದಿತ್ತು. ಎರಡೂ ಗಾಲಿ ಮುಗಿಸಿ ನಿನ್ನೆ ತೊಳೆದೆ, ಕೆಂಪು ಮೊದಲ ನೀರಲ್ಲಿ ಸ್ವಲ್ಪ ಬಿಡ್ತು, ಐದು ಸಲ ಜಾಲಿಸಿದ ಮೇಲೆ ತಿಳಿಯಾಯ್ತು. ಇವತ್ತು ಸ್ಕೇಲಿಟ್ಟೆ. ಅಗಲ 6.7, ಎತ್ತರ 6.8. ಹೊಲಿಗೆ ಒಂದೆರಡು ಕಡೆ ತುಸು ಸಡಿಲ ಆದಂಗಿದೆ, ಬಟ್ಟೆ ಕುಗ್ಗಿದ್ದಕ್ಕಾ?

ಗವಂತಿ_ಧಾರವಾಡ:
ಹೌದು, ಬಟ್ಟಿ ಕುಗ್ಗಿತು, ದಾರ ಅಷ್ಟ ಉಳೀತು. ಮೆತ್ತನ್ನ ಟವೆಲ್ ಮ್ಯಾಲ ಬೋರಲ ಹಾಕಿ ಹಿಂದಿನಿಂದ ಹಸಿ ಇದ್ದಾಗನ ಇಸ್ತ್ರಿ ಮಾಡ್ರಿ, ಕೂಡತಾವ. ಮುಂದಿನ ಬಟ್ಟಿ ಮಾತ್ರ ತೊಳದ ಶುರು ಮಾಡ್ರಿ. ಫ್ರೇಮ್ ಆದ ಮ್ಯಾಲ ಫೋಟೋ ಹಾಕ್ರಿ, ಗಾಲಿ ನೋಡಬೇಕು ನನಗ.