ತೋಟದ ಕೆರೆ, ಮನೆಯ ಬಾವಿ ಮತ್ತು ಅಮೀಬಾ: ವೈದ್ಯರಿಗೊಂದು ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕ ಸಮೀಪದ ತೋಟದ ಮನೆ. ಬೇಸಗೆ ರಜೆಯಲ್ಲಿ ಮಕ್ಕಳು ಕೆರೆಯಲ್ಲಿ ಈಜುತ್ತಾರೆ. ಅಮೀಬಾದಿಂದ ಬರುವ ಮೆದುಳು ಜ್ವರದ ಸುದ್ದಿ ಕೇಳಿದ ಮೇಲೆ ಬಾವಿಯ ನೀರನ್ನು ಕುದಿಸಿಯೇ ಕುಡಿಯುತ್ತಿದ್ದೇವೆ. ಇಷ್ಟು ಸಾಕೇ?

ಉತ್ತರ: ಕುದಿಸುವುದನ್ನು ಬಿಡಬೇಡಿ; ಆದರೆ ನೀವು ಹೆದರಿರುವ ಕಾಯಿಲೆಯನ್ನು ಅದು ತಡೆಯುವುದಿಲ್ಲ. ನೇಗ್ಲೇರಿಯಾ ಫೌಲೇರಿ ಎಂಬ ಈ ಅಮೀಬಾ ನೀರಿನೊಂದಿಗೆ ಹೊಟ್ಟೆಗೆ ಹೋದರೆ ರೋಗ ಬರುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದಾಗ ವಾಸನೆಯ ನರದ ದಾರಿಯಾಗಿ ಅದು ಮೆದುಳನ್ನು ಸೇರುತ್ತದೆ. ಬೆಚ್ಚಗಿನ ಸಿಹಿನೀರಿನಲ್ಲಿ ಚೆನ್ನಾಗಿ ಬೆಳೆಯುವ ಈ ಜೀವಿ 46 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೂ ತಾಳುತ್ತದೆ. ಆದ್ದರಿಂದ ಏಪ್ರಿಲ್-ಮೇ ತಿಂಗಳಲ್ಲಿ ನೀರು ಕಡಿಮೆಯಾಗಿ ಬಿಸಿಲಿಗೆ ಕಾದ ಕೆರೆಗೆ ಮಕ್ಕಳು ದಂಡೆಯಿಂದ ಹಾರುವುದು, ಮುಳುಗು ಹಾಕುವುದು, ತಳದ ಕೆಸರು ಕದಡುವುದು ಖಂಡಿತ ಬೇಡ. ಮೂಗಿನ ಹೊಳ್ಳೆಗಳಲ್ಲಿ ನೀರು ಹಾಯಿಸಿ ತೊಳೆಯುವ ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಈಜಿದ ಹನ್ನೆರಡು ದಿನಗಳೊಳಗೆ ತೀವ್ರ ತಲೆನೋವು, ಜ್ವರ, ವಾಂತಿ, ಕುತ್ತಿಗೆಯ ಬಿಗಿತ ಕಾಣಿಸಿಕೊಂಡರೆ ಆಸ್ಪತ್ರೆಗೆ ಧಾವಿಸಿ, ಮಗು ಕೆರೆಗಿಳಿದಿತ್ತೆಂಬುದನ್ನು ಕೇಳುವ ಮೊದಲೇ ಹೇಳಿಬಿಡಿ. ಈ ಒಂದು ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಜಗತ್ತಿನಾದ್ಯಂತ ರೋಗಿಗಳಲ್ಲಿ ನೂರಕ್ಕೆ 97ರಷ್ಟು ಮಂದಿಯನ್ನು ಬಲಿ ಪಡೆದಿರುವ ಈ ಕಾಯಿಲೆಯಿಂದ 2024ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಬಾಲಕನೊಬ್ಬ ಗುಣಮುಖನಾದದ್ದರಲ್ಲಿ ರೋಗವನ್ನು ಬೇಗನೆ ಗುರುತಿಸಿದ್ದರ ಪಾಲು ದೊಡ್ಡದು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ.

ಪ್ರಶ್ನೆ: ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಕುದಿಸುವ ಅಗತ್ಯ ಇರುವುದಿಲ್ಲವೇ? ಎಷ್ಟು ಹಾಕಬೇಕು?

ಉತ್ತರ: ಎರಡೂ ಬೇಕು. ಮೀಯುವ ನೀರಿನ ನೇಗ್ಲೇರಿಯಾಕ್ಕೆ ಕ್ಲೋರಿನ್ ಮದ್ದು. ಆದರೆ ಆಮಶಂಕೆ ತರುವ ಬೇರೊಂದು ಅಮೀಬಾ ಮತ್ತು ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಗಟ್ಟಿ ಕವಚದೊಳಗೆ ಅಡಗಿರುವುದರಿಂದ ಬಾವಿಗೆ ಹಾಕುವಷ್ಟು ಕ್ಲೋರಿನ್ನಿಗೆ ಸಾಯುತ್ತವೆಂದು ನೆಚ್ಚುವಂತಿಲ್ಲ. ಒಂದು ನಿಮಿಷ ಕೊತಕೊತ ಕುದಿಸಿದರೆ ಉಳಿಯುವುದಿಲ್ಲ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ, ತಿಳಿಯಾಗಿ ಕಾಣುವ ನೀರಿಗೂ ಇದೇ ಮಾತು. ಜಂಬರದ (ಸಮಾರಂಭದ) ಮನೆಗಳಲ್ಲಿ ಕುದಿಸಿದ ನೀರಿಗೆ ಹಸಿ ತಣ್ಣೀರು ಬೆರೆಸಿ ಬಡಿಸುವುದನ್ನು ದಯವಿಟ್ಟು ನಿಲ್ಲಿಸಿ.

ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಎಂಬುದು ಸಾಮಾನ್ಯ ಲೆಕ್ಕ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್ ಆಗುವುದರಿಂದ 35 ಗ್ರಾಂ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗಿಳಿಸಿ ಚೆನ್ನಾಗಿ ಬೆರೆಸಿ; ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಹಾಕಿದರೆ ಅನುಕೂಲ. ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಆರಿಹೋಗುವುದರಿಂದ ಹಳೆಯ ಪೊಟ್ಟಣವನ್ನು ಬಳಸಬೇಡಿ.